ಸೊರಗದ ಹುಳುಗಳು

ಇಷ್ಟು ಹೊತ್ತಿಗೆ ಸೊರಗಿ ಬಿದ್ದಿರಬೇಕಿದ್ದ ಹುಳುಗಳು ಸೂಕ್ಷ್ಮದರ್ಶಕದ ಕೆಳಗೆ ಆರಾಮಾಗಿ ಹರಿದಾಡುತ್ತಿದ್ದವು. ಹುಡುಗಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಕೂದಲ ಚೂರಿನಂಥ ದುಂಡುಹುಳುಗಳು. ಮೈಗೆ ಸೇರಿದ ವಿಷಲೋಹವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು ಇವುಗಳಲ್ಲಿ ಇಲ್ಲ. ತಟ್ಟೆಯಲ್ಲಿ ಅಂಥದೇ ವಿಷಲೋಹ ಕ್ಯಾಡ್ಮಿಯಂ ಬೇಕಾದಷ್ಟು ಇತ್ತು.

ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಸರ್ ನೋಡಿ ಬೆನ್ನು ತಟ್ಟಿ ಹೋಗಿದ್ದರು. ಆ ಪ್ರೋಟೀನು ಇಲ್ಲದೆಯೂ ಬದುಕುವ ದಾರಿ ಇದೆ ಅಂದರೆ ಅಷ್ಟೇ ಸಾಕು, ಪ್ರಬಂಧ ಬರೆದು ಮುಗಿಸು, ಮುಂದಿನ ವರ್ಷ ಇಲ್ಲಿ ಮುಖ ತೋರಿಸಬೇಡ ಎಂದು ನಕ್ಕಿದ್ದರು. ವರ್ಷಗಟ್ಟಲೆ ಕೈಗೆ ಏನೂ ಹತ್ತದೆ ಕೂತವಳಿಗೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಆದರೂ ಖುಷಿಯಾಗಲಿಲ್ಲ. ಅಮ್ಮ ತೀರಿಕೊಂಡಾಗಿನಿಂದ ಊಟ ಹೇಗೋ ಇಳಿಯುತ್ತಿತ್ತು, ಬೇರೆ ಯಾವುದೂ ಮನಸ್ಸಿಗೆ ಇಳಿಯುತ್ತಿರಲಿಲ್ಲ.

ಅವಳು ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಇದ್ದಾಗ ಹುಳುಗಳನ್ನು ಸಾಕಿದವಳು ಪಕ್ಕದ ಮೇಜಿನ ಅಕ್ಕ, ಅವಳಿಗಿಂತ ಹಿರಿಯ ವಿದ್ಯಾರ್ಥಿನಿ. ಪ್ರೋಟೀನು ಇರುವವು, ಇಲ್ಲದವು, ಎರಡನ್ನೂ ಒಂದೇ ತಂತಿಯಿಂದ ಎತ್ತಿ ಹೊಸ ತಟ್ಟೆಗೆ ದಾಟಿಸಿದ್ದಳು. ಒಂದು ಬಗೆ ಮುಗಿಸಿ ಇನ್ನೊಂದನ್ನು ಮುಟ್ಟುವ ಮೊದಲು ತಂತಿಯನ್ನು ಬೆಂಕಿಗೆ ಹಿಡಿದಿದ್ದೆಯಾ ಎಂದು ಹುಡುಗಿ ಅನುಮಾನದಿಂದ ಕೇಳಿದಳು.

ಅಕ್ಕನ ಕೈ ಕೀಲಿಮಣೆಯ ಮೇಲೇ ನಿಂತಿತು. "ನೀನು ಆಸ್ಪತ್ರೆಯಿಂದ ಫೋನ್ ಮಾಡಿದ್ಯಲ್ಲ, ಆವಾಗ್ಲೇ ದಾಟಿಸ್ತಾ ಇದ್ದೆ ಕಣೇ. ಫೋನ್ ಇಟ್ಮೇಲೆ ಏನು ಮಾಡ್ದೆ ಅಂತ ನೆನಪೇ ಇಲ್ಲ."

ಸುಡದ ತಂತಿಗೆ ಪ್ರೋಟೀನು ಇರುವ ಒಂದು ಹುಳು ಅಂಟಿ ಬಂದರೂ ಸಾಕು. ಗಂಡೂ ತಾನೇ, ಹೆಣ್ಣೂ ತಾನೇ ಆದ ಜೀವ. ಒಂದರಿಂದಲೇ ತಟ್ಟೆ ತುಂಬ ಸಂಸಾರ. ಹುಡುಗಿ ಬದುಕಿದ್ದ ಹುಳುಗಳ ಜೀನ್ ಪರೀಕ್ಷೆ ಮಾಡಿದಳು. ಇರಬಾರದಿದ್ದ, ಆ ಪ್ರೋಟೀನಿನ ಜೀನ್ ಇತ್ತು. ಹೊಸ ದಾರಿ ಯಾವುದೂ ಇರಲಿಲ್ಲ.

"ಸರ್‌ಗೆ ನಾನೇ ಹೇಳ್ತೀನಿ ಬಿಡು," ಎಂದಳು ಅಕ್ಕ. "ಬೈಸ್ಕೊಳ್ಳೋದ್ರಲ್ಲಿ ನಂಗೆ ಯಾವತ್ತೋ ಡಾಕ್ಟರೇಟ್ ಬಂದಿದೆ."

"ಬೇಡ ಅಕ್ಕ. ಹುಳ ನನ್ನವು."

ಸರ್ ಕೋಣೆಗೆ ಹೋಗಿ, ತಳಿ ಬೆರೆತಿದೆ, ಮೊದಲೇ ಪರೀಕ್ಷಿಸದೆ ಇದ್ದದ್ದು ತನ್ನ ತಪ್ಪು ಎಂದಳು. ಸರ್ ಖಂಡಿತವಾ ಎಂದಷ್ಟೇ ಕೇಳಿದರು. ಆಮೇಲೆ ಕನ್ನಡಕ ತೆಗೆದು, ಫ್ರೀಜರಿನಲ್ಲಿ ಕಾಪಿಟ್ಟ ಹಳೆಯ ತಳಿಯಿಂದ ಮತ್ತೆ ಶುರುಮಾಡು ಎಂದರು. ತನ್ನ ದನಿ ನಡುಗಲಿಲ್ಲವೆಂದು ಹೊರಗೆ ಬಂದಮೇಲೆ ಅವಳಿಗೆ ಹೊಳೆಯಿತು.

ಹೆಪ್ಪುಗಟ್ಟಿದ್ದ ಹುಳುಗಳ ಮಂಜು ಕರಗಿದ ದಿನ ಅಕ್ಕ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಹುಡುಗಿ ಒಂದೇ ಒಂದನ್ನು ಎತ್ತಿ, ಖಾಲಿ ತಟ್ಟೆಯ ನಡುವೆ ಬಿಟ್ಟಳು. ಅದು ಬಿಟ್ಟಲ್ಲೇ ಬಿದ್ದಿತ್ತು. ಜೀವ ಬರುತ್ತದೋ ಎಂದು ಇಬ್ಬರೂ ಸರದಿಯ ಮೇಲೆ ಬಗ್ಗಿ ನೋಡುತ್ತ ಕಾದರು. ಎಷ್ಟೋ ಹೊತ್ತಿನ ಮೇಲೆ, ಹುಡುಗಿಯ ಸರದಿಯಲ್ಲಿ, ಅದರ ತಲೆ ಒಂದಿಷ್ಟು ಎಡಕ್ಕೆ ತಿರುಗಿತು.