ಶುಕ್ರವಾರದ ಮೀನು

ಜಪಮಣಿ ಸುತ್ತಲೆಂದು ಪುಷ್ಪಮೇರಿ ಸತ್ತ ಗಂಡನ ಬೆರಳುಗಳನ್ನು ಬಿಡಿಸುತ್ತಿದ್ದಳು. ಬೆರಳ ಸಂದುಗಳಲ್ಲಿ ಹುಣ್ಣು ಕೊರೆದ ಗುಳಿಗಳಿದ್ದವು. ಪಕ್ಕದ ಮನೆಯ ಕ್ಯಾಥರೀನ್ ಅವುಗಳ ಮೇಲೆ ಬಿಳಿ ಕರವಸ್ತ್ರ ಹೊದಿಸಿದಳು. ಸ್ವಾತಂತ್ರ್ಯ ಬಂದ ವರ್ಷ ಕಾರ್ಖಾನೆಗೆ ಸೇರಿದ ಸವರಿಮುತ್ತು, ಸೈಕಲ್ ಹ್ಯಾಂಡಲ್ಲಿಗೂ ಮೋಟಾರಿನ ಬಂಪರಿಗೂ ಆಮ್ಲದ ತೊಟ್ಟಿಯಲ್ಲಿ ಕ್ರೋಮಿಯಂ ಹೊಳಪು ಕೊಡುತ್ತಲೇ ಆಯುಸ್ಸು ಕಳೆದಿದ್ದ. ಮೈಸೂರಿನ ಸೈಕಲ್ಲುಗಳೆಲ್ಲ ಮಿಂಚಿದವು. ಅವನು ಕೆಮ್ಮಿ ಕೆಮ್ಮಿ ಸತ್ತ.

ಸಮಾಧಿಯ ಬಳಿ ಪಾದ್ರಿಗಳು ಅವನ ಭಕ್ತಿಯನ್ನು ಕೊಂಡಾಡಿದರು. ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ವ್ರತ ಎಲ್ಲರದೂ. ಸವರಿಮುತ್ತು ಮೀನನ್ನೂ ಬಿಟ್ಟು ಮನೆಯವರಿಗೂ ಬಿಡಿಸಿದ್ದ. ಜನ ತಲೆದೂಗಿದರು. ಪುಷ್ಪಮೇರಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅದು ಭಕ್ತಿಯಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು.

*

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಸವರಿಮುತ್ತು ಬಲೆ ಹೊತ್ತು ಹೊಳೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಕಾರ್ಖಾನೆಯ ಮೋರಿ ಹಳ್ಳ ಸೇರಿ, ಹಳ್ಳ ಹೊಳೆ ಸೇರುವ ಜಾಗದಲ್ಲಿ ಬಲೆಗೆ ಹಳದಿ ಕೆಸರು ಹತ್ತಿತ್ತಂತೆ. ಬಿದ್ದ ಮೀನನ್ನೆಲ್ಲ ನೀರಿಗೇ ಬಿಟ್ಟಿದ್ದ.

"ನಮ್ಮ ತೊಟ್ಟಿ ನೀರು ಕಣೆ ಅದು. ಮೋರಿಗೆ ಸುರಿಯೋನು ನಾನೇ. ನನ್ನ ಕೈಯನ್ನೇ ತಿಂದಿರೋ ನೀರು ಮೀನಿನ್ ಬುಟ್ಬುಡ್ತದಾ? ಇನ್ಮೇಲೆ ಮನೇಲಿ ಮೀನು ಬ್ಯಾಡ."

ಕಾರ್ಖಾನೆಯ ಯಜಮಾನ ಶಿವಮಲ್ಲಪ್ಪನವರಿಗೆ ಹೇಳಿಯೂ ನೋಡಿದ. ಅಷ್ಟು ದೊಡ್ಡ ಹೊಳೆಯ ಉಸಾಬರಿ ನಿನಗೇಕೆ ಎಂದು ಅವರು ನಕ್ಕರು. ಇನ್ನೊಮ್ಮೆ ಹೇಳಿದಾಗ ನಗಲಿಲ್ಲ. ಅನ್ನದ ಪ್ರಶ್ನೆ, ಮಾರನೆಯ ದಿನವೂ ಸವರಿಮುತ್ತು ತೊಟ್ಟಿ ಬಳಿದು ಮೋರಿಗೆ ಸುರಿದ.

*

ಮಣ್ಣು ಮಾಡಿ ಬಂದಾಗ, ಒಲೆ ಹಚ್ಚದ ಮನೆಗೆ ಕ್ಯಾಥರೀನ್ ಸಾರು ಮಾಡಿ ತಂದಿದ್ದಳು. ಅಂದು ಶುಕ್ರವಾರ.

"ಹಳ್ಳ ಸೇರೋ ಕಡೆ ಹಿಡಿದ ಮೀನು ಕಣಕ್ಕ, ಒಳ್ಳೆ ದಪ್ಪ ಅವೆ. ನೀವು ತಿನ್ನಲ್ಲ, ಗೊತ್ತು. ನಿಮ್ಮ ಮಗ ಸೂಸೈರಾಜನಾದ್ರೂ ತಿನ್ಲಿ, ಬೆಳಿಗ್ಗೆಯಿಂದ ಉಪವಾಸ."

ಪುಷ್ಪಮೇರಿ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹೂವಿನ ಹಾರ ತಂದಿದ್ದ ಶಿವಮಲ್ಲಪ್ಪನವರು ಹೊರಡುತ್ತ, ಕೆಲಸವಿಲ್ಲದೆ ಅಲೆಯುತ್ತಿದ್ದ ಅವಳ ಮಗನ ಹೆಗಲ ಮೇಲೆ ಕೈಯಿಟ್ಟರು.

"ಸೋಮವಾರ ಬಂದ್ಬುಡಪ್ಪ. ನಿಮ್ಮಪ್ಪನ ಜಾಗ ನಿಂದೇ."

ಎಂಥ ದೊಡ್ಡ ಮನಸ್ಸೆಂದು ಬಂದವರೆಲ್ಲ ಹೊಗಳಿದರು. ಸೂಸೈರಾಜ್ ಕೈಮುಗಿದ. ಪುಷ್ಪಮೇರಿಯ ಬಾಯಲ್ಲಿದ್ದ ಮಾತು ಬಿಸಿತುಪ್ಪವಾಯಿತು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಗ. ಅವಳೂ ಕೈಮುಗಿದಳು.

ಸೂಸೈರಾಜ್ ಊಟಕ್ಕೆ ಕೂತ. ಎಷ್ಟೋ ವರ್ಷದ ಮೇಲೆ ಕಂಡ ಮೀನು. ಎರಡು ತುತ್ತು ಆತುರದಿಂದ ತಿಂದು, ಮುಳ್ಳು ಜಾಸ್ತಿ ಅಂದ.

ಪುಷ್ಪಮೇರಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದೊಂದೇ ಮುಳ್ಳು ಬಿಡಿಸಿ ನೆಲದ ಮೇಲಿಟ್ಟಳು. ಏನೂ ಉಳಿದಿಲ್ಲ ತಾನೇ ಎಂದು ಬೆರಳಾಡಿಸಿ ಮತ್ತೆ ಮತ್ತೆ ನೋಡಿದಳು. ಆಮೇಲೆ ತಟ್ಟೆಯನ್ನು ಮಗನ ಮುಂದೆ ಸರಿಸಿದಳು.