ಎಲ್ಲರ ಮಾತಿಗೂ ಒಪ್ಪಿದವರು

ಮೃತರ ಮೀಸೆಯ ಎಡತುದಿ ಬಲತುದಿಗಿಂತ ಒಂದು ಅಕ್ಕಿಕಾಳಿನಷ್ಟು ಉದ್ದವಿದೆ ಎಂಬ ಗಂಭೀರ ವಿಷಯ ಬೆಳಗ್ಗೆ ಎಂಟೂವರೆಗೆ ನೆರೆದವರ ಗಮನಕ್ಕೆ ಬಂತು. ಅಂಗಡಿಯಲ್ಲಿ ಇಪ್ಪತ್ತು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದ, ಎಲ್ಲರೂ ಎರಡನೇ ಕುರ್ಚಿಯವನು ಎಂದೇ ಕರೆಯುವ ಕ್ಷೌರಿಕ, ಆಗಲೇ ಕತ್ತರಿ ಹಿಡಿದು ಮಂಡಿಯೂರಿದ್ದ. ಪೇಟೆಯ ತಲೆಗಳನ್ನೆಲ್ಲ ನಲವತ್ತೆರಡು ವರ್ಷ ಒಪ್ಪವಾಗಿಟ್ಟವರು ತಾವೇ ಓರೆಕೋರೆಯಾಗಿ ಹೊರಡುವುದು ಯಾರಿಗೂ ಸರಿಕಾಣಲಿಲ್ಲ.

“ಎಡಗಡೆ ಇನ್ನೊಂಚೂರು,” ಎಂದರು ಔಷಧಿ ಅಂಗಡಿಯವರು.

“ಅಲ್ಲಾಡಬೇಡಿ ಅಣ್ಣ,” ಎಂದ ಎರಡನೇ ಕುರ್ಚಿಯವನು, ಮೃತರಿಗೆ, ಅಭ್ಯಾಸಬಲದಿಂದ. ಯಾರೋ ಕಿಸಕ್ಕೆಂದರು. ಮೃತರ ಹೆಂಡತಿಯೂ ನಕ್ಕರು.

ಮಗಳು ಮಾತ್ರ ನಗಲಿಲ್ಲ. ಸ್ಮಶಾನದ ಕಚೇರಿಯವರು ಕೊಟ್ಟ ಅರ್ಜಿ ಅವಳ ಕೈಯಲ್ಲಿತ್ತು. ಹೆಸರು, ವಯಸ್ಸು, ವೃತ್ತಿ ತುಂಬಿಯಾಗಿತ್ತು. ಉಳಿದದ್ದು ಒಂದೇ ಸಾಲು. ಪ್ರಾರ್ಥನೆ ಬೇಕೇ, ಬೇಡವೇ?

“ಬೇಕು ಅಂತ ಬರಿಯಮ್ಮ, ಕೇಳೋದೇನಿದೆ?” ಎಂದರು ಔಷಧಿ ಅಂಗಡಿಯವರು. “ಮೇಲೊಬ್ಬ ಕೂತು ಎಲ್ಲ ನೋಡ್ತಿದಾನೆ ಅಂತ ನಾನು ಅಂದಾಗಲೆಲ್ಲ ನಿಮ್ಮಪ್ಪ, ‘ಹೌದು ಸ್ವಾಮಿ, ಇರಲೇಬೇಕು’ ಅಂತಿದ್ರು.”

ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು ಕೆಮ್ಮಿದರು. “ತಪ್ಪು ತಿಳೀಬೇಡಿ. ಸತ್ತ ಮೇಲೆ ಏನೂ ಇಲ್ಲ ಅಂತ ಮೂವತ್ತು ವರ್ಷ ಅವರ ಕುರ್ಚೀಲೇ ಕೂತು ಹೇಳಿದೀನಿ. ‘ನೂರಕ್ಕೆ ನೂರು ನಿಜ ಮೇಷ್ಟ್ರೇ’ ಅಂದಿದಾರೆ.”

“ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ ಅಂದಿರ್ತಾರೆ.”

“ನಿಮ್ಮದು ನೋಯಿಸೋದು ಬೇಡ ಅಂತ ಯಾಕಿರಬಾರದು?”

ಇಬ್ಬರೂ ಎರಡನೇ ಕುರ್ಚಿಯವನ ಕಡೆ ತಿರುಗಿದರು.

“ನನ್ನೇನ್ ಕೇಳ್ತೀರಿ? ಒಬ್ಬ ಗಿರಾಕಿ ಮುಂದಿನ ಜನ್ಮದಲ್ಲಿ ಹದ್ದಾಗಿ ಹುಟ್ತೀನಿ ಅಂತಿದ್ರು. ‘ಒಳ್ಳೇ ಹಕ್ಕಿ’ ಅಂದ್ರು ಅಣ್ಣ.”

*

ಅಂಗಡಿ ತೆರೆದ ಹೊಸದರಲ್ಲಿ ಅವರು ಹೀಗಿರಲಿಲ್ಲ. ವಾದಕ್ಕೆ ನಿಂತರೆ ಬಿಡುತ್ತಿರಲಿಲ್ಲ. ಒಂದು ದಿನ ಕುರ್ಚಿಯಲ್ಲಿ ಕೂತ ಬಸ್ ಡ್ರೈವರ್ ಒಬ್ಬ, ಸ್ವರ್ಗಕ್ಕೆ ಏಳು ಅಂತಸ್ತು ಎಂದ.

“ಎಣಿಸಿದ್ಯಾರು?” ಎಂದರು ಇವರು.

ಡ್ರೈವರ್ ಸಿಟ್ಟಿನಿಂದ ತಲೆ ತಿರುಗಿಸಿದ. ಕತ್ತರಿ ಇದ್ದಲ್ಲೇ ಇತ್ತು. ಕಿವಿಗೆ ಎರಡು ಹೊಲಿಗೆ ಬಿತ್ತು.

ಕತ್ತರಿ ಕೈಯಲ್ಲಿರುವಷ್ಟು ಹೊತ್ತು ಗಿರಾಕಿ ಹೇಳಿದ್ದೇ ಸರಿ ಎಂದು ಅಂದೇ ತೀರ್ಮಾನಿಸಿದರು. ದೇವರು, ಸರ್ಕಾರ, ಮಳೆ, ಸೊಸೆಯಂದಿರ ನಡವಳಿಕೆ, ಯಾವುದರ ಬಗ್ಗೆಯೂ ಆಮೇಲೆ ಆ ಅಂಗಡಿಯಲ್ಲಿ ಭಿನ್ನಾಭಿಪ್ರಾಯ ಹುಟ್ಟಲಿಲ್ಲ. ಪೇಟೆಯ ಕಿವಿಗಳು ಕ್ಷೇಮವಾಗಿದ್ದವು.

*

“ಸ್ವಲ್ಪ ಒಳಗೆ ಬಾ,” ಎಂದು ಹೆಂಡತಿ ಮಗಳನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. “ನನಗೂ ಒಂದು ಮಾತು ಹೇಳಿದ್ರು ಕಣೆ. ಅದೂ ಗಿರಾಕಿಗೆ ಹೇಳೋ ಥರದ್ದೇ ಏನೋ ಅಂತ ಬೆಳಗ್ಗಿಂದ ಕೊರೀತಿದೆ.”

“ಏನಂದ್ರು?”

*

ಹೋದ ತಿಂಗಳು ಗಂಡ ಹೆಂಡತಿ ಇಬ್ಬರೂ ತಾರಸಿಯಲ್ಲಿ ಅಂಗಡಿಯ ಟವೆಲ್ಲುಗಳನ್ನು ಮಡಿಸುತ್ತಿದ್ದರು. ಅವರೆರಡು ತುದಿ, ಇವರೆರಡು ತುದಿ.

“ಹೋದಮೇಲೆ ಎಲ್ಲೋ ಒಂದು ಕಡೆ ಮತ್ತೆ ಸಿಕ್ತೀವಿ ಅಂತ ನನಗನ್ಸುತ್ತೆ,” ಎಂದರು ಹೆಂಡತಿ.

ಗಂಡ ತಮ್ಮ ತುದಿಗಳನ್ನು ತಂದು ಹೆಂಡತಿಯ ಕೈಗೆ ಸೇರಿಸಿದರು. “ನನಗೂ ಹಾಗೇ ಅನ್ಸುತ್ತೆ,” ಎಂದು ಮುಂದಿನ ಟವೆಲ್ಲಿಗೆ ಕೈ ಹಾಕಿದರು.

*

ಮಗಳು ತಾಯಿಯ ಮುಖವನ್ನೇ ನೋಡಿದಳು. “ಅಮ್ಮ, ಈ ಮನೇಲಿ ಅಪ್ಪ ನಿನ್ನ ಯಾವ ಮಾತು ಒಪ್ಕೊಂಡಿದಾರೆ?”

“ಅಂದ್ರೆ?”

“ಕಿಟಕಿ ಪರದೆ ಬಣ್ಣ?”

“ಅಯ್ಯೋ, ಮೂರು ವಾರ ಜಗಳ.”

“ಅಡುಗೆ?”

“ಉಪ್ಪು ಸರಿ ಇದೆ ಅಂದ್ರೆ ಜಾಸ್ತಿ ಅನ್ನೋರು. ಜಾಸ್ತಿ ಆಯ್ತೇನೋ ಅಂದ್ರೆ ಸಪ್ಪೆ ಅನ್ನೋರು. ಅಷ್ಟೇ ಯಾಕೆ, ನನಗೆ ನೂರೆರಡು ಜ್ವರ ಬಂದಿದ್ದಾಗ, ಇಲ್ಲ ನೂರಾ ಒಂದೇ ಅಂತ ಥರ್ಮಾಮೀಟರ್ ಜೊತೆಗೂ ವಾದಕ್ಕೆ ನಿಂತ್ರು.”

“ನೋಡು. ಅಂಗಡೀಲಿ ನುಂಗಿಕೊಂಡಿದ್ದನ್ನೆಲ್ಲ ತಂದು ನಿನ್ನ ಮೇಲೆ ಸುರೀತಿದ್ರು. ಅಂಥವರು ಒಂದೇ ಒಂದು ಮಾತಿಗೆ ಎದುರು ಹೇಳಲಿಲ್ಲ ಅಂದ್ರೆ…”

ಹೆಂಡತಿ ಸ್ಟೂಲಿನ ಮೇಲೆ ಕೂತರು. ಲೋಟದಲ್ಲಿದ್ದ ನೀರನ್ನು ನಿಧಾನವಾಗಿ, ಪೂರ್ತಿ ಕುಡಿದರು.

“ಕತ್ತರಿ ಇರಲಿಲ್ಲ ಕೈಯಲ್ಲಿ,” ಎಂದರು. “ಟವೆಲ್ ಇತ್ತು, ಅಷ್ಟೆ.”

ಎದ್ದು ಹೊರಗೆ ಬಂದರು. “ಪ್ರಾರ್ಥನೆ ಬೇಕು ಅಂತ ಬರಿ. ಚಿಕ್ಕದು ಸಾಕು. ಎಳೆದಷ್ಟೂ ಅವರಿಗೆ ರೇಗುತ್ತೆ.”

“ನೋಡಿ ತಾಯಿ, ಅವರ ನಿಜವಾದ ಅಭಿಪ್ರಾಯ…” ಎಂದು ಮೇಷ್ಟ್ರು ಶುರುಮಾಡಿದರು.

“ಗೊತ್ತಾಯ್ತು ಮೇಷ್ಟ್ರೇ. ಬನ್ನಿ, ಎತ್ತೋದಕ್ಕೆ ನೀವೂ ಒಂದು ಕೈ ಹಾಕಿ.”

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟು ಕೈ ಹಾಕಿದರು. ಎದುರು ಬದಿಗೆ ಔಷಧಿ ಅಂಗಡಿಯವರಿದ್ದರು. ಇಬ್ಬರ ಎತ್ತರ ಒಂದೇ ಆದ್ದರಿಂದ ಶವಪೆಟ್ಟಿಗೆ ವಾಲಲಿಲ್ಲ.

ಸ್ಮಶಾನದಲ್ಲಿ ಪ್ರಾರ್ಥನೆ ನಾಲ್ಕು ನಿಮಿಷ ನಡೆಯಿತು. ಔಷಧಿ ಅಂಗಡಿಯವರು ಕಣ್ಣು ಮುಚ್ಚಿದ್ದರು, ಮೇಷ್ಟ್ರು ಬಿಟ್ಟಿದ್ದರು. ಮಣ್ಣು ಮುಚ್ಚಿಯಾದ ಮೇಲೆ ಹೆಂಡತಿ ಪಕ್ಕದ ಖಾಲಿ ಜಾಗದಲ್ಲಿ ಉದ್ದಕ್ಕೆ ಆರು ಹೆಜ್ಜೆ, ಅಡ್ಡಕ್ಕೆ ಮೂರು ಹೆಜ್ಜೆ ನಡೆದು ನೋಡಿದರು. ಅದನ್ನು ಕಚೇರಿಯಲ್ಲಿ ತಮ್ಮ ಹೆಸರಿಗೆ ಬರೆಸಿ, ಮನೆಗೆ ಬಂದು ಊಟ ಮಾಡಿದರು.