ಬಟ್ಟೆಗೆಲ್ಲಿಯ ಮುಖ

"ಬಟ್ಟೆಗೇನು ಮುಖ ಇರುತ್ತಾ ಅಕ್ಕ?" ಎಂದು ಮೆದೆರ್ ಮತ್ತೊಮ್ಮೆ ಕೇಳಿದಾಗ ಕಲೀಚಾ ಚಹದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು. ಅಲ್ಲೇ ಹಾಸಿದ್ದ ಕೌದಿಯ ಅಂಚಿಗೆ ನಾಲ್ಕು ಹನಿ ಸಿಡಿದವು. ಬುರುಲ್ ತನ್ನ ತೋಳಿನಿಂದಲೇ ಒರೆಸಿದಳು. ಮಧ್ಯಾಹ್ನದಿಂದ ಇದೇ ಪ್ರಶ್ನೆ, ಇದೇ ಉತ್ತರ. ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು.

ಕಲೀಚಾಳ ಪಾರ್ಲರಿನ ಕೆಳಗಿನ ನೆಲಮಾಳಿಗೆ ಅದು. ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ನಮ್ಮಂಥವರು ಹೆದರಿಕೆಯಿಲ್ಲದೆ ಕಾಲು ಚಾಚಿ ಕೂರುವುದಕ್ಕೆ ಇದ್ದದ್ದು ಅದೊಂದೇ ಜಾಗ. ಗಂಡನ್ನೇ ಮೆಚ್ಚುವ ಗಂಡಸರು, ಹೆಣ್ಣನ್ನೇ ಮೆಚ್ಚುವ ಹೆಂಗಸರು, ಕಲೀಚಾಳ ಹಾಗೆ ಗಂಡೆನ್ನಿಸಿಕೊಂಡು ಹುಟ್ಟಿ ಹೆಣ್ಣಾಗಿ ಬಾಳುವವರು, ಎಲ್ಲರೂ ವಸಂತದಲ್ಲಿ ಒಂದು ದಿನ ಅಲ್ಲಿ ಸೇರುತ್ತಿದ್ದರು. ಫೋನುಗಳನ್ನು ಬುಟ್ಟಿಗೆ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಬೋರ್ಸೊಕ್ ಎಂಬ ಹಿಟ್ಟಿನ ತುಂಡು ಕರಿದು ತಿಂದು, ಕುಣಿದು ಮನೆಗೆ ಹೋಗುವುದು. ಹುಡುಗರು ಅದನ್ನು ಪ್ರೈಡ್ ಎನ್ನುತ್ತಿದ್ದರು, ಕಲೀಚಾ ಹಬ್ಬ ಎನ್ನುತ್ತಿದ್ದಳು. ಈ ವರ್ಷ ಮೆದೆರ್ ಮತ್ತು ಅವನ ಕಡೆಯ ಹುಡುಗರಿಗೆ ಕಂಬಳಿ ಕಟ್ಟಿದ ಕಿಟಕಿ ಸಾಕಾಗಿ ಹೋಗಿತ್ತು. ಮಾರ್ಚ್ ಎಂಟರ ಹೆಂಗಸರ ಮೆರವಣಿಗೆಯಲ್ಲಿ ಕೌದಿಯನ್ನು ಎತ್ತಿ ಹಿಡಿದು ನಡೆದೇ ಸೈ ಎಂದು ಹಟ ಹಿಡಿದಿದ್ದರು.

ಆ ಕೌದಿಯನ್ನು ಚಳಿಗಾಲವಿಡೀ ಎರಡೂ ಕಡೆಯವರು ಒಟ್ಟಿಗೆ ಕೂತು ಹೊಲಿದಿದ್ದರು, ಅದೇ ಸಂಕಟ. ಕಾಮನಬಿಲ್ಲಿನ ಬಣ್ಣಗಳು ಒಂದರ ಸುತ್ತ ಒಂದು. ಒಂದೊಂದು ತುಂಡೂ ಒಬ್ಬೊಬ್ಬರ ಮನೆಯದು. ಕೆಂಪು ಒಬ್ಬಳ ಮದುವೆಯ ಪರದೆ. ಮದುವೆ ಬಾಳಲಿಲ್ಲ, ಪರದೆ ಬಾಳಿತು. ಹಸಿರು ಮೆದೆರನ ತಾತನ ಮಿಲಿಟರಿ ಅಂಗಿ. ನೇರಳೆ ಯಾರ ಮನೆಯಲ್ಲೂ ಸಿಗದೆ, ಕೊನೆಗೆ ಬುರುಲ್ ತನ್ನ ಪೆಟ್ಟಿಗೆಯ ತಳದಿಂದ ಅಜ್ಜಿಯ ಮಖಮಲ್ಲಿನ ತುಂಡು ತಂದಿದ್ದಳು. ತೊಂಬತ್ತು ದಾಟಿದ ಅಜ್ಜಿ ತೀರಿಕೊಂಡಾಗ, ಅವಳ ಆಯುಸ್ಸು ತಮಗೂ ಬರಲೆಂದು ಹೆಂಗಸರು ಅವಳ ಬಟ್ಟೆ ಹರಿದು ಹಂಚಿಕೊಂಡಿದ್ದರು. ಬುರುಲ್ ಪಾಲಿಗೆ ಬಂದದ್ದು ಕುಪ್ಪಸದ ಎದೆಯ ಭಾಗ. ಒಲೆಯ ಕಿಡಿ ಹಾರಿ ತೂತಾಗಿದ್ದ ಕಡೆ ಬುರುಲಳ ಅವ್ವ ಹಳದಿ ದಾರದಲ್ಲಿ ಟಗರಿನ ಕೊಂಬಿನ ಕಸೂತಿ ಹಾಕಿ ಮುಚ್ಚಿದ್ದಳು. ಒಂದು ಕೊಂಬು ದೊಡ್ಡದು, ಒಂದು ಚಿಕ್ಕದು. ಚೆಂದ ಕಾಣುತ್ತದೆಂದು ಅದನ್ನೇ ಎಲ್ಲರೂ ಸೇರಿ ನಟ್ಟನಡುವೆ ಇಟ್ಟು ಹೊಲಿದರು.

ನಮ್ಮವರು ಹೊರಗಿನವರಿಂದ ತಿಂದ ಬೈಗುಳವನ್ನು ಜೋಪಾನ ಮಾಡಿಟ್ಟುಕೊಂಡು ಒಳಗಿನವರಿಗೆ ಬಡಿಸುತ್ತಾರೆ. ಅವತ್ತೂ ಹಾಗೇ ಆಯಿತು. ವಿದೇಶದವರಿಗೆ ಫೋಟೊ ಕಳಿಸಿ ಅನುದಾನ ತಿನ್ನುವವರು ಎಂದು ಕಲೀಚಾಳ ಕಡೆಯವರು, ಪುಕ್ಕಲು ಮುದುಕಿಯರ ಸಂಘ ಎಂದು ಮೆದೆರನ ಕಡೆಯವರು. ಕಲೀಚಾ ತುಟಿ ಎತ್ತಿ ತನ್ನ ಕಟ್ಟಿಸಿದ ಹಲ್ಲು ತೋರಿಸಿದಳು.

"ಇದನ್ನ ಕಟ್ಟಿಸ್ಕೊಂಡಿದ್ದು ಹಬ್ಬ ಮಾಡಿ ಅಲ್ಲ ಕಣೋ, ಬೀದಿಗೆ ಹೋಗಿ ಏಟು ತಿಂದು."

"ಅದಕ್ಕೇ ಅಕ್ಕ ನಾವು ಹೋಗ್ಬೇಕಾಗಿರೋದು," ಎಂದ ಮೆದೆರ್.

ಕೈ ಎತ್ತಿಸಿ ನೋಡಿದರೆ ಎರಡು ಕಡೆಯೂ ಸಮ. ಎತ್ತದೆ ಕೂತಿದ್ದವಳು ಬುರುಲ್ ಒಬ್ಬಳೇ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಮಕ್ಕಳಿಗೆ ಕೊಮುಜ್ ವಾದ್ಯ ಕಲಿಸುವ ಮೇಡಮ್ಮು. ಬೀದಿಯಲ್ಲಿ ನಡೆಯುವ ಧೈರ್ಯ ಅವಳಿಗಿರಲಿಲ್ಲ, ಇದೆ ಎಂದು ಹೇಳಿಕೊಂಡವಳೂ ಅಲ್ಲ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ದೂರದ ಬೆಟ್ಟದೂರು ನರಿನ್‌ನಲ್ಲಿ ಒಬ್ಬಳೇ ಇರುವ ಅವ್ವನಿಗೆ ಮಗಳು ಹೆಣ್ಣನ್ನೇ ಮೆಚ್ಚುವವಳೆಂದು ತಿಳಿದ ದಿನ ಆ ಮನೆಯ ಬಾಗಿಲು ತನಗೆ ಮುಚ್ಚಿತು ಎಂದೇ ಅವಳು ನಂಬಿದ್ದಳು. ಅದೊಂದು ಬಾಗಿಲನ್ನು ಉಳಿಸಿಕೊಳ್ಳಲು ಅವಳು ಇಷ್ಟು ವರ್ಷ ಹೇಳದ ಸುಳ್ಳಿಲ್ಲ.

"ತಗೊಂಡು ಹೋಗಿ," ಎಂದಳು. "ಯಾರ ಮುಖಾನೂ ಕಾಣಬಾರದು, ಅಷ್ಟೆ."

ಅವಳಿಗೆ ಜಗಳ ಮುಗಿದರೆ ಸಾಕಾಗಿತ್ತು.

ಮೆದೆರ್ ಮಾತು ಉಳಿಸಿಕೊಂಡ. ಎಲ್ಲರಿಗೂ ಟೊಪ್ಪಿ, ಮಾಸ್ಕು, ಕಪ್ಪು ಕನ್ನಡಕ. ಸಂಜೆಗೆ ಫೋಟೊ ಎಲ್ಲ ಕಡೆ ಹರಿದಾಡಿತು. ಕೆಸರಾದ ಹಿಮ, ಅದರ ಮೇಲೆ ಅಗಲವಾಗಿ ಬಿಡಿಸಿ ಹಿಡಿದ ಕೌದಿ. ಫೋಟೊದ ಕೆಳಗೆ ಕಂಡಕಂಡವರ ಹೇಳಬಾರದ ಬೈಗುಳ. "ಒಂದು ಮುಖಾನೂ ಇಲ್ಲ ನೋಡು," ಎಂದು ಅವನು ಬುರುಲ್‌ಗೆ ಬರೆದ. ಬುರುಲ್ ನೋಡಿದಳು. ಹಿಡಿದವರು ಯಾರೂ ಗುರುತು ಸಿಗಲಿಲ್ಲ. ನಡುವೆ ಹಳದಿ ಕೊಂಬುಗಳೆರಡು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದವು. ನಗರದಲ್ಲಿ ಹುಟ್ಟಿ ಬೆಳೆದ ಮೆದೆರನಿಗೆ ಗೊತ್ತಿರಲಿಲ್ಲ ಸರಿ, ತನಗೆ ಗೊತ್ತಿರಬೇಕಿತ್ತು. ಅವಳ ಊರಿನಲ್ಲಿ ಹೆಂಗಸರು ಕೈಹೊಲಿಗೆ ನೋಡಿಯೇ ಇದು ಯಾರ ಮನೆಯ ಕೌದಿ ಎಂದು ಹೇಳುತ್ತಾರೆ.

ಮರುದಿನ ಪಾಠದ ನಡುವೆ ಫೋನು ಬಂತು. ಅವ್ವ ಯಾವಾಗಲೂ ಉಂಡೀ ಏನು, ಚಳಿ ಹೆಂಗೈತಿ ಎಂದು ಶುರು ಮಾಡುವವಳು. ಇವತ್ತು ಅದೇನೂ ಇಲ್ಲ.

"ನಿಮ್ಮತ್ತಿ ಒಂದು ಫೋಟೊ ತೋರಿಸಿದ್ಲು. ಆ ಸಣ್ಣ ಕೊಂಬು ನನ್ನ ಕೈದು. ಅವತ್ತು ದಾರ ಸಾಲಲಿಲ್ಲ."

"ಹೂಂ ಅವ್ವ."

"ಆ ಮಂದಿಯೊಳಗ ನೀ ಇದ್ದೀ ಏನು?"

ತುಂಡು ಕಳೆದುಹೋಯಿತು, ಯಾರೋ ಕದ್ದರು ಎಂಬ ಸುಳ್ಳು ಬುರುಲ್ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲೂ ಅವಳಿಗೆ ಬೇಸರವಾಯಿತು.

"ಮೆರವಣಿಗಿಗೆ ಹೋಗಿರಲಿಲ್ಲವ್ವ. ಆದರ ಅವರು ನನ್ನ ಮಂದಿ. ನಾನೂ ಅವರ ಹಂಗಽ ಅದೀನಿ."

ಆ ಕಡೆ ಕೆಟಲ್ ಕುದಿಯುವ ಸದ್ದು ಕೇಳಿಸುತ್ತಿತ್ತು. ಅವ್ವ ಅದನ್ನು ಇಳಿಸಲಿಲ್ಲ.

"ಅಜ್ಜಿ ತುಂಡು ತಗೊಂಡು ಬಾ," ಎಂದಳು ಕೊನೆಗೆ. "ಟ್ಯಾಕ್ಸಿಯವರ ಕೈಯಾಗ ಕೊಟ್ಟು ಕಳಸಬ್ಯಾಡ. ನೀನಽ ತಗೊಂಡು ಬಾ."

ಫೋನು ಕಟ್ಟಾಯಿತು. ಮಗಳನ್ನು ಮನೆಗೆ ಕರೆದದ್ದೋ, ಕೊಟ್ಟದ್ದನ್ನು ಕಿತ್ತುಕೊಂಡು ಹೊರಗಟ್ಟಲು ಕರೆದದ್ದೋ, ಆ ದನಿಯಿಂದ ಬುರುಲ್‌ಗೆ ಗೊತ್ತಾಗಲಿಲ್ಲ.

ಸಂಜೆ ಅವಳು ನೆಲಮಾಳಿಗೆಗೆ ಹೋದಾಗ ಮೆಟ್ಟಿಲಿನ ಮೇಲಿನಿಂದಲೇ ಗದ್ದಲ ಕೇಳುತ್ತಿತ್ತು. ಹಬ್ಬವನ್ನೇ ನಿಲ್ಲಿಸುತ್ತೇನೆ ಎಂದು ಕಲೀಚಾ, ನಿಲ್ಲಿಸಿದರೆ ನಾವೇ ಬೇರೆ ಮಾಡುತ್ತೇವೆ ಎಂದು ಮೆದೆರ್. ಕೌದಿ ಗೋಡೆಯ ಮೇಲೆ ತೂಗುತ್ತಿತ್ತು.

"ಅವ್ವನಿಗೆ ಗೊತ್ತಾಯ್ತು," ಎಂದಳು ಬುರುಲ್. "ಅಜ್ಜಿ ತುಂಡಿನ ಗುರುತು ಹಿಡಿದಳು."

ಕಲೀಚಾ ಕೂಡಲೇ ಮೆದೆರನ ಕಡೆ ತಿರುಗಿದಳು. "ಕೇಳಿಸ್ತಾ? ಬಟ್ಟೆಗೆ ಮುಖ ಇಲ್ಲ ಅಂದ್ಯಲ್ಲ. ಈ ಹುಡುಗಿ ಮನೆ ಹಾಳು ಮಾಡ್ದೆ."

"ನಾನ್ಯಾಕೆ ಮಾಡ್ಲಿ? ಮುಚ್ಚಿಡು ಮುಚ್ಚಿಡು ಅಂತ ಹೆದರಿಸಿ ಇಟ್ಟೋರು ನೀವು. ಮನೇಲಿ ಮೊದಲೇ ಹೇಳಿದ್ದಿದ್ರೆ ಇವತ್ತು ಹೀಗಾಗ್ತಿತ್ತಾ?"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ. ಬುರುಲಳ ಹೆಸರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹಾರಾಡಿತು. ಅವ್ವ ಏನೆಂದಳು ಎಂದು ಒಬ್ಬರೂ ಕೇಳಲಿಲ್ಲ. ಒಬ್ಬರಾದರೂ ಕೇಳಬಹುದಿತ್ತು. ಬುರುಲ್‌ಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವ ಸಿಟ್ಟು ಬಂತು. ಮೇಲೆ ಹೋಗಿ ಪಾರ್ಲರಿನ ಸಣ್ಣ ಕತ್ತರಿ ತಂದಳು. ಕೌದಿ ಇಳಿಸಿ ನೆಲದ ಮೇಲೆ ಹಾಸಿ, ನೇರಳೆಯ ಸುತ್ತಲಿನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸತೊಡಗಿದಳು.

ಅವರು ನೋಡುವಷ್ಟರಲ್ಲಿ ಎರಡು ಅಂಚು ಬಿಚ್ಚಿತ್ತು.

"ಏ, ಏನ್ ಮಾಡ್ತಿದೀಯೇ?" ಎಂದು ಕಲೀಚಾ ಓಡಿಬಂದಳು. "ಅದು ಎಲ್ಲರದ್ದು."

"ಅಕ್ಕ ಹೇಳೋದು ಸರಿ," ಎಂದ ಮೆದೆರ್. "ನಿನ್ನೊಬ್ಬಳದ್ದಲ್ಲ ಅದು."

ಈ ಜಗಳ ಶುರುವಾದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

"ಇದು ನಮ್ಮಜ್ಜಿದು," ಎಂದು ಬುರುಲ್ ತಲೆ ಎತ್ತದೆ ಮೂರನೆಯ ಅಂಚಿಗೆ ಕೈ ಹಾಕಿದಳು.

ಅವಳು ತುಂಡನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಹೊರಡುವಾಗ ಕೌದಿ ಮತ್ತೆ ಗೋಡೆಗೇರಿತ್ತು. ನಡುವಿನ ತೂತಿನಲ್ಲಿ ಗೋಡೆಯ ಸುಣ್ಣ ಕಾಣುತ್ತಿತ್ತು. ಅದಕ್ಕೆ ಬೇರೆ ನೇರಳೆ ಹಚ್ಚಬೇಕೆಂದು ಒಬ್ಬರು, ತೂತು ಹಾಗೇ ಇರಲಿ ಎಂದು ಇನ್ನೊಬ್ಬರು ಆಗಲೇ ಶುರು ಮಾಡಿದ್ದರು.

ಬೆಳಿಗ್ಗೆ ನರಿನ್ ಟ್ಯಾಕ್ಸಿಗಳು ನಿಲ್ಲುವ ಕಡೆ ಒಬ್ಬಳು ಮುದುಕಿ ಉಣ್ಣೆಯ ಕಾಲುಚೀಲ, ಸೂಜಿ, ದಾರ ಹರವಿಕೊಂಡು ಕೂತಿದ್ದಳು. ಬುರುಲ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮಖಮಲ್ಲಿನ ತುಂಡು ತೆಗೆದಳು. ಜೇಬಿನಲ್ಲಿ ಫೋನು ಒಂದೇ ಸಮ ನಡುಗುತ್ತಿತ್ತು; ಗುಂಪಿನವರ ಮೆಸೇಜುಗಳಲ್ಲಿ ತೂತಿನ ವಿಚಾರ ಇನ್ನೂ ಮುಗಿದಿರಲಿಲ್ಲ. ಸೀಟು ತುಂಬಿತು ಬಾ ಎಂದು ಡ್ರೈವರು ಹಾರನ್ ಹೊಡೆದ. ಬುರುಲ್ ಹಳದಿ ದಾರದ ಉಂಡೆಗಳನ್ನು ಒಂದೊಂದಾಗಿ ಎತ್ತಿ, ಆ ಸಣ್ಣ ಕೊಂಬಿನ ತುದಿಗೆ ಹಿಡಿದು, ಬಣ್ಣ ಕೂಡುತ್ತದೆಯೇ ಎಂದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು.